ಬೇಕರಿ ತೋರಿಸಿದವನೇ ಕಾಲು ಕತ್ತರಿಸಿದ

ಕಳೆದ ಭಾನುವಾರ ಜರ್ಮನಿಯ ಕಾರ್ಲ್ಸ್‌ರುಹೆಯ ಒಂದು ಸಣ್ಣ ಚಿತ್ರಮಂದಿರದಲ್ಲಿ, ತೆರೆಯ ಮೇಲೆ ಸೈನಿಕನೊಬ್ಬನ ಕಾಲು ಕತ್ತರಿಸುವ ಹೊತ್ತಿಗೆ ಸರಿಯಾಗಿ, ನನ್ನ ಪಕ್ಕದಲ್ಲಿ ಗಿರ್ಮಿಟ್ ಡಬ್ಬಿಯ ಮುಚ್ಚಳ ಟಣ್ ಎಂದು ತೆರೆದುಕೊಂಡಿತು.

ತೆರೆದವರು ನಿರ್ಮಲಕ್ಕನ ಅತ್ತೆ. ನಿರ್ಮಲಕ್ಕ ನಮ್ಮ ಕಟ್ಟಡದ ಮೇಲಿನ ಮಹಡಿಯವರು, ಬಾಗಲಕೋಟೆ ಕಡೆಯವರು. ಅತ್ತೆ ಈಚೆಗೆ ಮಗನ ಮನೆ ನೋಡಲು ಬಂದಿದ್ದಾರೆ. ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದವಳು ನಾನು. "ಧೈರ್ಯವಾಗಿ ಬನ್ನಿ" ಎಂದವಳೂ ನಾನೇ.

ಧೈರ್ಯಕ್ಕೆ ಕಾರಣವಿತ್ತು. ಆ ಚಿತ್ರಮಂದಿರದಲ್ಲಿ ಈಗ ಒಬ್ಬನೇ ಅಮೆರಿಕನ್ ನಿರ್ದೇಶಕನ ಚಿತ್ರಗಳನ್ನು ಪ್ರತಿ ಭಾನುವಾರ ತೋರಿಸುತ್ತಿದ್ದಾರೆ. (ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲ್ ತೆಗೆದು ಹುಡುಕುತ್ತೀರಿ, ನನ್ನ ಅಂಕಣ ಅಲ್ಲಿಗೇ ನಿಲ್ಲುತ್ತದೆ.) ಮೊದಲ ವಾರದ್ದು ಒಂದು ಬೇಕರಿಯ ಕಥೆ. ಇಬ್ಬರು ಮುದುಕ ಅಣ್ಣತಮ್ಮಂದಿರು ಹಾಡುತ್ತಲೇ ಜಗಳವಾಡಿ, ಹಾಡುತ್ತಲೇ ರಾಜಿಯಾಗುತ್ತಾರೆ. ಅತ್ತೆಗೆ ಇಂಗ್ಲಿಷೂ ಬರುವುದಿಲ್ಲ, ಕೆಳಗೆ ಮೂಡುವ ಜರ್ಮನ್ನೂ ಬರುವುದಿಲ್ಲ. ಆದರೂ ಎಲ್ಲರಿಗಿಂತ ಮೊದಲು ಅವರೇ ನಗುತ್ತಿದ್ದರು.

ಮುಂದಿನ ವಾರ ನಿರ್ಮಲಕ್ಕ ಕೇಳಿದರು, "ಹ್ವಾದ ವಾರದಂಥಾದ್ದ ಐತೇನ?"

"ಅದೇ ಡೈರೆಕ್ಟರ್ ಅಕ್ಕ" ಎಂದೆ. ಅಷ್ಟು ಸಾಕಲ್ಲವೇ? ಒಮ್ಮೆ ರುಚಿ ನೋಡಿದ ಅಂಗಡಿಯಲ್ಲಿ ಎರಡನೆಯ ಸಾರಿ ಯಾರಾದರೂ ವಿಚಾರಿಸುತ್ತಾರೆಯೇ?

ಎರಡನೆಯದು ಹಿಮದಲ್ಲಿ ಸಿಕ್ಕಿಬಿದ್ದ ಸೈನಿಕರ ಕಥೆ. ಹಾಡಿರಲಿ, ಮಾತೇ ಕಡಿಮೆ. ಕಾಲು ಕತ್ತರಿಸುವ ದೃಶ್ಯಕ್ಕೆ ನಾವು ಮೂವರೂ ಎದ್ದೆವು. ಜರ್ಮನ್ ಪ್ರೇಕ್ಷಕರು ಕೊನೆಯ ಹೆಸರು ಮೇಲೆ ಹೋಗುವವರೆಗೂ ಕದಲುವುದಿಲ್ಲ. ಇಡೀ ಸಾಲು ಮೊಣಕಾಲು ಮಡಚಿ ನಮಗೆ ದಾರಿ ಬಿಟ್ಟಿತು. ಬೈದಿದ್ದರೇ ವಾಸಿಯಿತ್ತು.

ಟ್ರಾಮ್ ಸ್ಟಾಪಿನಲ್ಲಿ ಅತ್ತೆ ಡಬ್ಬಿ ಮುಂದೆ ಹಿಡಿದು, "ತಗೋ, ತಿನ್ನು. ಅಂವ ಇಂವ ಒಬ್ಬನ ಅಲ್ಲ ತಂಗಿ, ನಿನಗ ಯಾರೋ ಸುಳ್ಳ ಹೇಳ್ಯಾರ" ಎಂದರು.

"ಇಲ್ಲ ಅಜ್ಜಿ, ಒಬ್ಬನೇ."

"ಹೆಸರ ಒಂದ ಇರಬೇಕು. ನಮ್ಮ ಓಣ್ಯಾಗ ಇಬ್ಬರು ಬಸವರಾಜ ಅದಾರ. ಒಬ್ಬಂವ ಗಾಜಿನ ಬಳಿ ಮಾರತಾನ, ಒಬ್ಬಂವ ಬೋರ್ ಹೊಡಸತಾನ."

ನಿರ್ಮಲಕ್ಕ ನಕ್ಕು ಡಬ್ಬಿಗೆ ಕೈ ಹಾಕಿದರು. ನನಗೆ ಮಾತ್ರ ಆ ನಿರ್ದೇಶಕನ ಮೇಲೆ ಸಿಟ್ಟು ಬಂದಿತ್ತು. ಬೇಕರಿ ಅಷ್ಟು ಚೆನ್ನಾಗಿ ಬರುತ್ತದೆ ಎಂದಾದರೆ ಇನ್ನೊಂದು ಬೇಕರಿ ಮಾಡಲು ಏನಾಗಿತ್ತು? ಮನೆಗೆ ಬಂದು ಅವನು ಏನೇನು ಮಾಡಿದ್ದಾನೆ ಎಂದು ನೋಡಿದೆ. ಕೋರ್ಟಿನ ಚಿತ್ರ. ದೆವ್ವದ ಚಿತ್ರ. ಕುದುರೆ, ಬಂದೂಕಿನ ಚಿತ್ರ. ನಡುವೆ ಮಕ್ಕಳಿಗೊಂದು. ಗೆದ್ದರೂ ಅದೇ ದಾರಿಯಲ್ಲಿ ಮುಂದುವರಿಯಲಿಲ್ಲ, ಸೋತರೂ ತನ್ನ ಜಾಗಕ್ಕೆ ವಾಪಸು ಬರಲಿಲ್ಲ. ಜಾಗ ಅಂತ ಒಂದಿದ್ದರೆ ತಾನೆ? ಪ್ರದರ್ಶನಕ್ಕೆ ಮೊದಲು ನಾಲ್ಕು ಮಾತಾಡುವ ಹಿರಿಯರೊಬ್ಬರು, ಈತನ ಎಲ್ಲ ಚಿತ್ರಗಳಲ್ಲೂ ಒಂದು ಕಿಟಕಿ ಬರುತ್ತದೆ ಎಂದಿದ್ದರು. ಕಿಟಕಿಯೇ ಇಲ್ಲದ ಚಿತ್ರ ಯಾವುದಿದೆ?

ಅವರು ಹುಡುಕುತ್ತಿದ್ದುದು ರೋಟರ್ ಫಾಡೆನ್. ಜರ್ಮನ್ನಿನಲ್ಲಿ ಕೆಂಪು ದಾರ ಎಂದರ್ಥ. ಒಬ್ಬ ಮನುಷ್ಯ ಮಾಡಿದ್ದನ್ನೆಲ್ಲ ಪೋಣಿಸುವ ಎಳೆ. ಇಲ್ಲಿ ಕೆಲಸ ಕೇಳಲು ಹೋದವರೆಲ್ಲ ಅದನ್ನು ತೋರಿಸಬೇಕು.

ನಾನೂ ತೋರಿಸಬೇಕಿತ್ತು. ಮಂಗಳವಾರ ನನ್ನ ಇಂಟರ್‌ವ್ಯೂ. ಹಳೆಯ ಕೆಲಸ ಮುಗಿದಿದೆ. ಹೊಸದು ಬೇಗ ಸಿಗದಿದ್ದರೆ ಇಲ್ಲಿರುವ ವೀಸಾ ಕೂಡ ಮುಗಿಯುತ್ತದೆ. (ಮನೆಯಲ್ಲಿ ಇನ್ನೂ ಹೇಳಿಲ್ಲ. ಇದು ಅಚ್ಚಾಗುವ ಮೊದಲು ಹೇಳಬೇಕು.)

ನನ್ನ ದಾರ ಎಲ್ಲಿದೆ? ಊರಲ್ಲಿ ಸಿವಿಲ್ ಓದಿದೆ. ಇಲ್ಲಿಗೆ ಬಂದು ಕಟ್ಟಡಗಳೊಳಗಿನ ಸದ್ದು ಅಳೆಯುವುದನ್ನು ಕಲಿತೆ. ಆಮೇಲೆ ಟ್ರಾಮ್ ವೇಳಾಪಟ್ಟಿಯ ಸಾಫ್ಟ್‌ವೇರ್. ಕೊನೆಗೆ ಆಸ್ಪತ್ರೆಗಳಿಗೆ ಗಾಳಿಯ ವ್ಯವಸ್ಥೆ. ಒಂದೊಂದನ್ನೂ ಇಷ್ಟಪಟ್ಟೇ ಮಾಡಿದೆ. ಒಟ್ಟಿಗೆ ಇಟ್ಟರೆ ಇಬ್ಬರು ಬಸವರಾಜರ ಹಾಗೆ ಕಾಣುತ್ತದೆ.

ಸಂದರ್ಶಕರು ಸೌಜನ್ಯದಿಂದಲೇ ಕೇಳಿದರು. "ಎಲ್ಲಾ ಚೆನ್ನಾಗಿದೆ. ಆದರೆ ನೀವು ಏನು ಎಂದು ನಮ್ಮ ಟೀಮ್‌ಗೆ ಒಂದು ವಾಕ್ಯದಲ್ಲಿ ಹೇಗೆ ಹೇಳಲಿ?"

ನಾನು ಹೆಚ್ಚು ಮಾತಾಡುವವಳಲ್ಲ. ಅಂದು ಯಾಕೋ ಆ ನಿರ್ದೇಶಕನ ಹೆಸರು ಹೇಳಿಬಿಟ್ಟೆ. ಆತ ಒಂದೇ ಥರದ ಚಿತ್ರ ಎರಡು ಸಾರಿ ಮಾಡಲಿಲ್ಲ, ಹಾಗೆಂದು ಆತನಿಗೆ ಕೆಲಸ ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ ಎಂದೆ. ಭಾನುವಾರದ ನನ್ನ ಸಿಟ್ಟು ಅಷ್ಟು ಹೊತ್ತಿಗೆ ಎಲ್ಲಿ ಹೋಗಿತ್ತೋ!

ಅವರ ಮುಖ ಅರಳಿತು. "ನಮ್ಮ ಊರಿನಲ್ಲೇ ನಡೆಯುತ್ತಿದೆಯಲ್ಲ, ನಾನೂ ಹೋಗಿದ್ದೆ. ಬೇಕರಿಯದು ಬಹಳ ಹಿಡಿಸಿತು. ಮೊನ್ನೆ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋದೆ." ಪೆನ್ನು ಕೆಳಗಿಟ್ಟು ಹೇಳಿದರು, "ಇನ್ನು ಹೋಗುವುದಿಲ್ಲ."

ನಾನೂ ಎದ್ದು ಬಂದವಳೇ.

ಗುರುವಾರ ಆ ಆಫೀಸಿನಿಂದ ಫೋನ್ ಬಂತು. ಬೇಡ ಎನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಎಲ್ಲರಿಗೂ ನೀವು ಇಷ್ಟವಾಗಿದ್ದೀರಿ, ಎಲ್ಲಿ ಕೂರಿಸುವುದೆಂದು ತಿಳಿಯುತ್ತಿಲ್ಲ, ಇನ್ನಷ್ಟು ಯೋಚಿಸುತ್ತೇವೆ ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊರಟೆ, ಬರಲಿಲ್ಲ. ಗೊತ್ತಿರುವುದನ್ನೇ ಮತ್ತೆ ಕೇಳುವವರು ತಪ್ಪೇ? ಹಾಗಿದ್ದರೆ ಟ್ರಾಮ್ ಸ್ಟಾಪಿನಲ್ಲಿ ಗಿರ್ಮಿಟ್ ತಿನ್ನುತ್ತಾ ನಿಂತಿದ್ದ ನಾವು ಯಾರು? ಅವರು ತಪ್ಪಲ್ಲವೆಂದರೆ, ನನ್ನ ಇಷ್ಟು ವರ್ಷಗಳನ್ನು ಏನೆಂದು ಕರೆಯುವುದು? ಎರಡು ದಿನದಿಂದ ಇದೇ ಯೋಚನೆ. ಎರಡೂ ಕಡೆ ನಾನೇ ನಿಂತಿದ್ದೇನೆ.

ನಿನ್ನೆ ಮೆಟ್ಟಿಲ ಮೇಲೆ ನಿರ್ಮಲಕ್ಕ ಸಿಕ್ಕರು. "ಅತ್ತಿ ಕೇಳಾಕತ್ತಾರ. ಈ ಸಲ ಬಳಿಯವನೋ, ಬೋರಿನವನೋ?"

"ಗೊತ್ತಿಲ್ಲ ಅಕ್ಕ."

"ಗೊತ್ತಿಲ್ದ ಹೆಂಗ ಬರೂದವಾ?"

ನಾಳೆ ಮೂರನೆಯ ಭಾನುವಾರ. ನಾನೂ ಇನ್ನೂ ಟಿಕೆಟ್ ಕೊಂಡಿಲ್ಲ. ನೀವಾಗಿದ್ದರೆ ಕೊಳ್ಳುತ್ತಿದ್ದಿರಾ?