ಕೊಟ್ಟಿಗೆಯ ಗಾಳಿ, ಕಿಟಕಿಯ ಗೋಣಿಚೀಲ

ಯಲಹಂಕದ ಆಚೆ ನಮ್ಮ ಊರಿನ ಹೊಲಗಳೆಲ್ಲ ಲೇಔಟ್ ಆದವು. ನಾವೂ ಮಾರಿದೆವು, ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟೆವು. ಅದಕ್ಕೆ ಅಳುವವಳು ನಾನಲ್ಲ. ಹಸು ಮಾತ್ರ ಒಂದನ್ನು ಉಳಿಸಿಕೊಂಡೆ. ಕೊಟ್ಟಿಗೆಯ ಹಿಂದೆ ಅಪಾರ್ಟ್‌ಮೆಂಟ್ ಎದ್ದ ಮೇಲೆ ಬಂದ ಮೊದಲ ಬೇಸಿಗೆಯಲ್ಲಿ ಅದು ತುಂಬುಗಬ್ಬ. ಮಧ್ಯಾಹ್ನವಾದರೆ ನಾಲಿಗೆ ಹೊರಗೆ ಹಾಕಿ ಏದುತ್ತಿತ್ತು, ಮೇವು ಮುಟ್ಟುತ್ತಿರಲಿಲ್ಲ. ಕಾವು ಹೀಗೇ ಇದ್ದರೆ ಕರು ದಕ್ಕುವುದು ಅನುಮಾನ, ಹಸುವೂ ಉಳಿಯಲಿಕ್ಕಿಲ್ಲ ಎಂದು ದನದ ಡಾಕ್ಟರು ಹೇಳಿ ಹೋದರು. ಫ್ಯಾನ್ ಹಾಕಿಸಿದೆ. ಅದು ಒಳಗಿದ್ದ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಹಸುವಿನ ಮೇಲೆ ಸುರಿಯಿತು, ಆರಿಸಿಬಿಟ್ಟೆ.

ಮಹಡಿಯಲ್ಲಿ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಗಾಳಿ, ನೀರು ಹೇಗೆ ಹರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಕಾಲೇಜಿನಲ್ಲಿ ಅವಳ ಕೆಲಸ. ಗಾಳಿಯನ್ನು ಕೂತು ನೋಡುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳಿದ್ದೆ. ಕೊಡುತ್ತಾರೆ, ತಡವಾಗಿ ಕೊಡುತ್ತಾರೆ ಎಂದಿದ್ದಳು.

ಹಸು ಏದುವುದು ಮಹಡಿಗೂ ಕೇಳಿಸಿರಬೇಕು. ಒಂದು ಭಾನುವಾರ ಟೇಪು ಹಿಡಿದು ಇಳಿದು ಬಂದಳು. ಅವಳಿಗೆ ಬೆಳಕು ಸಾಲದೆಂದು, ರಸ್ತೆ ಕಡೆಯ ಕಿಟಕಿಗೆ ಕಟ್ಟಿದ್ದ ಗೋಣಿಚೀಲವನ್ನು ನಾನೇ ಸುತ್ತಿ ಮೇಲೆ ಸಿಕ್ಕಿಸಿದೆ. ಗೋಡೆ, ಕಿಟಕಿ, ಸೂರು, ಕೊನೆಗೆ ಹಸುವನ್ನೂ ಅಳೆದಳು.

ಸಂಜೆ ಕಂಪ್ಯೂಟರಿನಲ್ಲಿ ನಮ್ಮ ಕೊಟ್ಟಿಗೆ ಬಂದಿತ್ತು. ಒಳಗಿನ ಗಾಳಿಯನ್ನು ಸಣ್ಣ ಸಣ್ಣ ಡಬ್ಬಿಗಳಂತೆ ಪಾಲು ಮಾಡಿ, ಒಂದರಿಂದ ಪಕ್ಕದ್ದಕ್ಕೆ ಎಷ್ಟು ಗಾಳಿ, ಎಷ್ಟು ಕಾವು ದಾಟುತ್ತದೆಂದು ಅದು ಲೆಕ್ಕ ಮಾಡುತ್ತದಂತೆ. ಗಾಳಿ ಜೋರಾಗಿರುವಲ್ಲಿ ಕೆಂಪು, ನಿಂತಿರುವಲ್ಲಿ ನೀಲಿ. ಹಸುವಿನ ಸುತ್ತ ಕೆಂಪೋ ಕೆಂಪು. ಗಾಳಿ ಅಷ್ಟು ಚೆನ್ನಾಗಿದ್ದರೆ ಅದು ಯಾಕೆ ಏದುತ್ತದೆ, ನಿನ್ನ ಕಂಪ್ಯೂಟರ್ ಸುಳ್ಳು ಹೇಳುತ್ತದೆ ಎಂದೆ. ಅವಳು ಸಿಟ್ಟಾಗಲಿಲ್ಲ. ಮಾರನೆಯ ಮಧ್ಯಾಹ್ನ ಸೀದಾ ಕೊಟ್ಟಿಗೆಗೆ ಬಂದಳು. ಚೀಲ ಎಂದಿನಂತೆ ಇಳಿಬಿದ್ದಿತ್ತು.

"ಅಜ್ಜಿ, ಈ ಚೀಲ ದಿನಾ ಹಿಂಗ ಇರತದೇನ್ರಿ?"

"ಇರ್ದೆ ಇನ್ನೇನು? ಗಬ್ಬದ ಅಸ. ದಾರೀಲಿ ಓಗೋರ ಕಣ್ಣೆಲ್ಲ ಒಂದೇ ತರ ಇರ್ತವಾ?"

ನಗುತ್ತಾಳೆ ಎಂದುಕೊಂಡೆ. ಅವಳು ಚೀಲವನ್ನೂ ಅಳೆದುಕೊಂಡು ಮೇಲೆ ಹೋದಳು. ಸಂಜೆ ನೋಡಿದರೆ, ಚೀಲ ಇಳಿಬಿಟ್ಟ ಕೊಟ್ಟಿಗೆಯಲ್ಲಿ ಹಸುವಿನ ಸುತ್ತ ಬರೀ ನೀಲಿ. ಚೀಲ ಮಾತ್ರ ತೆಗೆಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಹಿಂದೊಂದು ಹಸುವಿಗೆ ದೃಷ್ಟಿ ತಾಗಿ ಹಾಲು ಬತ್ತಿದ್ದನ್ನು ನಾನು ಕಂಡವಳು.

"ತೆಗೀಬ್ಯಾಡ್ರಿ. ಮಂದಿ ಕಣ್ಣಿಗೆ ಅಡ್ಡಾನೂ ಇರಬೇಕು, ಗಾಳೀನೂ ಬರಬೇಕು. ಅಷ್ಟ ಹೌದಲ್ರಿ?"

"ಅಷ್ಟೇ ಕಣವ್ವ."

ಆಮೇಲೆ ಕೆಲವು ಸಂಜೆ ಅವಳು ಕಂಪ್ಯೂಟರಿನೊಳಗೇ ಚೀಲವನ್ನು ಎತ್ತಿದಳು, ಇಳಿಸಿದಳು, ಆಚೆ ಸರಿಸಿದಳು. ನಿಜದ ಕೊಟ್ಟಿಗೆಯಲ್ಲಿ ಒಂದು ಮೊಳೆಯನ್ನೂ ಕೀಳಲಿಲ್ಲ. ಕೊನೆಗೆ ದಾರಿ ಸಿಕ್ಕಿತು. ಕಿಟಕಿಗೆ ಏನೂ ಕಟ್ಟುವುದು ಬೇಡ. ಅದರಿಂದ ಎರಡು ಮೊಳ ಆಚೆ, ನಮ್ಮ ಅಂಗಳದಲ್ಲೇ, ಅಗಲವಾದ ಬಿದಿರು ತಟ್ಟಿ ನಿಲ್ಲಿಸಬೇಕು. ದಾರಿಯವರಿಗೆ ಹಸು ಕಾಣುವುದಿಲ್ಲ, ಗಾಳಿ ಪಕ್ಕದಿಂದ ಬಳಸಿ ಒಳಗೆ ಬರುತ್ತದೆ. ಹಿಂದಿನ ಗೋಡೆಯಲ್ಲಿ ಸೂರಿನ ಕೆಳಗೆ ಒಂದು ಸಾಲು ಇಟ್ಟಿಗೆ ತೆಗೆಸಬೇಕು, ಕಾವು ಅಲ್ಲಿಂದ ಹೊರಡುತ್ತದೆ.

ಗಾರೆಯವನನ್ನು ಕರೆಸಿ ಮಾಡಿಸಿದೆ. ಬಿಸಿಲೇನೂ ಇಳಿಯಲಿಲ್ಲ, ಆದರೆ ಮಧ್ಯಾಹ್ನ ಹಸುವಿನ ಪಕ್ಕ ಕೂತಿದ್ದಾಗ ನನ್ನ ಸೆರಗು ಅಲುಗಿತು. ಹಸು ನಾಲಿಗೆ ಒಳಗೆಳೆದುಕೊಂಡು ಮೆಲುಕು ಹಾಕತೊಡಗಿತು. ಆ ಬೇಸಿಗೆಯಲ್ಲೇ ಹೆಣ್ಣುಕರು ಹಾಕಿತು. ಎರಡೂ ಉಳಿದವು.

ಗಿಣ್ಣು ಬೇಯಿಸಿ ಮೊದಲ ತಟ್ಟೆಯನ್ನು ಮಹಡಿಗೆ ಒಯ್ದೆ. ನನ್ನ ಮಂಡಿಗೆ ಆ ಮೆಟ್ಟಿಲು ಆಗುವುದಿಲ್ಲ. ಬೇರೆಯವರ ಕೈಯಲ್ಲಿ ಕಳಿಸುವುದು ಸರಿಯೆನಿಸಲಿಲ್ಲ. ದೃಷ್ಟಿಯ ಬಗೆಗಿನ ನನ್ನ ಮಾತಿಗೆ ನಗದೆ ಅದನ್ನೂ ಸೇರಿಸಿ ಲೆಕ್ಕ ಹಾಕಿದವಳು ಅವಳೊಬ್ಬಳೇ.

"ನಿನ್ನಿಂದ ಎರಡು ಜೀವ ಉಳೀತು ತಾಯಿ. ತಿನ್ನು" ಎಂದೆ.

ತಿಂದಳು. ಬೆಲ್ಲ ಸ್ವಲ್ಪ ಕಡಿಮೆ ಆಗೇದ್ರಿ ಎಂದಳು. ಹೌದು, ಕಡಿಮೆಯಾಗಿತ್ತು. ಮಾರನೆಯ ದಿನದ ಗಿಣ್ಣಿಗೆ ಇನ್ನೊಂದು ಅಚ್ಚು ಬೆಲ್ಲ ಹಾಕಿ ಮತ್ತೆ ಮೆಟ್ಟಿಲು ಹತ್ತಿದೆ.