ಸೀತಕ್ಕನ ಹಾಡಿನ ಪುಸ್ತಕಕ್ಕೆ ಕೆಂಪು ಮೊರಾಕೋ

ಶಿಕಾಗೋಗೆ ಬಂದ ಮೂರನೇ ದಿನ ಗಡ್ಡದವನೊಬ್ಬ ಕೆಂಪು ತೊಗಲನ್ನು ನನ್ನ ಮೂಗಿಗೆ ಹಿಡಿದು, "ನಿನ್ನ ಊರಿನ ವಾಸನೆ, ನೋಡು" ಅಂದ. ಹೊರಗೆ ಸೊನ್ನೆ ಡಿಗ್ರಿ, ಅದೂ ಫ್ಯಾರನ್‌ಹೀಟು. ಅದರ ಮುಂದೆ ನಮ್ಮ ಸೆಲ್ಸಿಯಸ್ ಸೊನ್ನೆ ಬೆಚ್ಚಗಿರುತ್ತದೆ. ಮೂಗಿಗೆ ಏನೂ ತಿಳಿಯಲಿಲ್ಲ. ಆದರೂ ಜಂಬ ಬಿಡದೆ, "ನಮ್ಮೂರಿನಲ್ಲಿ ಇಂಥವನ್ನು ಕಾಲೊರೆಸಲು ಹಾಕುತ್ತೇವೆ" ಅಂದೆ. ಅವನು ನಕ್ಕು ತೊಗಲನ್ನು ಮಗುಚಿದ. ಹಿಂಬದಿಯಲ್ಲಿ ಮಾಸಿದ ನೇರಳೆ ಮುದ್ರೆ: ಮದ್ರಾಸ್.

ಅವನು ಇದ್ರಿಸ್, ಮೊರಾಕೋ ದೇಶದ ಫೆಸ್ ಪಟ್ಟಣದವನು. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಶಿಕಾಗೋದ ಒಂದು ಬೈಂಡಿಂಗ್ ಕಾರ್ಖಾನೆಯಲ್ಲಿ ನನ್ನ ಮೇಷ್ಟ್ರು. ಮೈಸೂರಿನಲ್ಲಿ ನಮ್ಮಪ್ಪನಿಗೆ ಬೈಂಡಿಂಗ್ ಅಂಗಡಿ ಇತ್ತು. ಮೈದಾ ಅಂಟು, ಕ್ಯಾಲಿಕೋ ಬಟ್ಟೆ, ಶಾಲೆಯ ಹಾಜರಿ ಪುಸ್ತಕ. ಅರಮನೆಯ ಗ್ರಂಥಗಳನ್ನೆಲ್ಲ ಹೊಲಿದವನು ನಾನೇ ಎಂದು ಬಡಾಯಿ ಕೊಚ್ಚಿ ಈ ಕೆಲಸ ಗಿಟ್ಟಿಸಿದ್ದೆ. ತೊಗಲು ಮುಟ್ಟಿದವನೇ ಅಲ್ಲ. ಇದ್ರಿಸ್ ಒಂದೇ ದಿನದಲ್ಲಿ ಅದನ್ನು ಕಂಡುಹಿಡಿದ, ಯಾರಿಗೂ ಹೇಳಲಿಲ್ಲ. ಮಡಿಸಲು ಬರುವಂತೆ ತೊಗಲಿನ ಅಂಚನ್ನು ತೆಳ್ಳಗೆ ಹೆರೆಯುವುದನ್ನು ಕಲಿಸಿದ.

ಪುಸ್ತಕ ಕಟ್ಟುವವರ ಬಾಯಲ್ಲಿ ಮೊರಾಕೋ ಅಂದರೆ ದೇಶವಲ್ಲ, ಆಡಿನ ನಯವಾದ ತೊಗಲು. ಕಸುಬು ಇದ್ರಿಸನ ಹಿರಿಯರದು, ಹೆಸರೂ ಅವರ ನಾಡಿನದು. ಆದರೆ ನಮ್ಮ ಕೈಗೆ ಬಂದ ಆ ಆಡು ಮೇದದ್ದು ನಮ್ಮ ಕಡೆ. ಮದ್ರಾಸಿನಲ್ಲಿ ಹಡಗು ಹತ್ತಿ, ಇಂಗ್ಲೆಂಡಿನಲ್ಲಿ ಬಣ್ಣ ಬಳಿಸಿಕೊಂಡು, ಮೊರಾಕೋ ಎಂಬ ಹೆಸರಿಟ್ಟುಕೊಂಡು ಶಿಕಾಗೋಗೆ ಬಂದಿತ್ತು.

"ನಮಗೆ ದೊರೆ ಇದ್ದಾನೆ. ನಿಮ್ಮ ಮೈಸೂರಿಗೆ?" ಎಂದು ಇದ್ರಿಸ್ ಕೆಣಕುತ್ತಿದ್ದ.

"ಅರಮನೆ ಇದೆ, ಆನೆ ಇದೆ. ದೊರೆಗೆ ಆಳಲು ರಾಜ್ಯ ಒಂದು ಇಲ್ಲ, ಅಷ್ಟೇ" ಎನ್ನುತ್ತಿದ್ದೆ.

ವಾರವೆಲ್ಲ ಬಾಡಿಗೆ ಕೋಣೆಯಲ್ಲಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಮೈಸೂರಿನಲ್ಲಿ ಬೀದಿಗೆ ಹತ್ತು ಮನೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದವು, ಹೆಚ್ಚಾಗಿ ನನ್ನ ಬಾಯಿ ಮುಚ್ಚಿಸಲು. ಇಲ್ಲಿ ನನಗೆ ತೆರೆಯುವ ಕನ್ನಡದ ಬಾಗಿಲು ಒಂದೇ: ಊರಾಚೆಯ ಬಡಾವಣೆ ಎಲ್ಕ್ ಗ್ರೋವ್ ವಿಲೇಜಿನ ಸೀತಕ್ಕನದು. ಅವರ ಯಜಮಾನರು ರಾಯರು ಅಲ್ಲೇ ಒಂದು ಯಂತ್ರದ ಕಾರ್ಖಾನೆಯಲ್ಲಿ ಇಂಜಿನಿಯರು. ಭಾನುವಾರ ಬಸ್ಸಿಳಿದು ಎರಡು ಮೈಲಿ ಹಿಮ ತುಳಿದರೆ ಸಾರಿನ ವಾಸನೆ. ಶಿಕಾಗೋ ಹತ್ತಿರದ ಲೆಮಾಂಟಿನಲ್ಲಿ ಆಗಿನ್ನೂ ನಮ್ಮವರ ದೇವಸ್ಥಾನ ಎದ್ದಿರಲಿಲ್ಲ. ಸೀತಕ್ಕನ ದೇವರು ಟವೆಲ್ ಇಡುವ ಕ್ಲೋಸೆಟ್ಟಿನಲ್ಲಿದ್ದ.

ಸೀತಕ್ಕನ ಅಮ್ಮ ಕೈಯಾರೆ ಬರೆದಿಟ್ಟ ಆರತಿ ಹಾಡುಗಳ ಪುಸ್ತಕ ಹಾಳೆಹಾಳೆಯಾಗಿತ್ತು. ನವರಾತ್ರಿಯ ಸರಸ್ವತಿ ಪೂಜೆಗೆ ಇಡಬೇಕು, ಕಟ್ಟಿಕೊಡು ಅಂದರು. ಕೆಂಪು ಮೊರಾಕೋ ಹೊದಿಸಿ, ಚಿನ್ನದ ಗೆರೆ ಎಳೆದು ಕೊಟ್ಟೆ. ಮಡಿಯ ಹೆಂಗಸು, ಈರುಳ್ಳಿಯನ್ನೇ ಒಳಗೆ ಸೇರಿಸದವರು. ಬೆರಳಾಡಿಸಿ, "ಇದೇನೋ ಕಿಟ್ಟು?" ಅಂದರು.

"ರೆಕ್ಸಿನ್, ಅಕ್ಕ. ಅಮೆರಿಕದ್ದು, ಒಳ್ಳೇದು."

ಆಮೇಲೆ ಪ್ರತಿ ಭಾನುವಾರ ದೇವರ ಪಕ್ಕ ಕೆಂಪು ರೇಷ್ಮೆಯಲ್ಲಿ ಸುತ್ತಿದ ಕಟ್ಟು ಕಾಣುತ್ತಿತ್ತು. ಊಟಕ್ಕೆ ಮುಂಚೆ ಕೈ ಮುಗಿಯುತ್ತಿದ್ದೆ. ಒಳಗೊಳಗೇ ನಗು.

ಯುಗಾದಿಗೆ ಸೀತಕ್ಕ, "ಕೆಲಸ ಕಲಿಸಿದ ಮೇಷ್ಟ್ರನ್ನೂ ಕರ್ಕೊಂಡು ಬಾ" ಅಂದರು. ಬಸ್ಸಿನಲ್ಲಿ ಇದ್ರಿಸನನ್ನು ಬೇಡಿಕೊಂಡೆ: ಕೇಳಿದರೆ ಬಟ್ಟೆ ಅನ್ನು, ಇಲ್ಲದಿದ್ದರೆ ನನಗೆ ಅನ್ನ ಹುಟ್ಟುವ ಮನೆ ಹೋಗುತ್ತದೆ.

"ಬೇರೆ ಏನು ಬೇಕಾದರೂ ಸುಳ್ಳು ಹೇಳುತ್ತೇನೆ," ಅಂದ ಅವನು. "ತೊಗಲಿನ ವಿಷಯ ಬೇಡ."

ಎರಡನೇ ಹೋಳಿಗೆ ಬಡಿಸುತ್ತ ಸೀತಕ್ಕ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿಯೇಬಿಟ್ಟರು, ಪುಸ್ತಕಕ್ಕೆ ಏನು ಹೊದಿಸಿದ್ದು ಅಂತ.

"ಆಡು," ಅಂದ ಇದ್ರಿಸ್. "ನಿಮ್ಮ ದೇಶದ್ದೇ. ಉತ್ತಮವಾದದ್ದು."

ನನ್ನ ಮುಂದಿನ ಭಾನುವಾರದ ಆಲೂಗಡ್ಡೆ ಕಣ್ಣ ಮುಂದೆ ಬಂತು. ಸೀತಕ್ಕ ಎದ್ದು ಕ್ಲೋಸೆಟ್ಟಿನಿಂದ ರೇಷ್ಮೆಯ ಕಟ್ಟು ತಂದು ಬಿಚ್ಚಿದರು. ಒಳಗೆ ಟೆಲಿಫೋನ್ ಡೈರೆಕ್ಟರಿ. ಅಡುಗೆಮನೆಯಿಂದ ಇನ್ನೊಂದು ತಂದರು: ನನ್ನ ಮೊರಾಕೋ, ಮೂಲೆಯಲ್ಲಿ ಒಗ್ಗರಣೆಯ ಕಲೆ.

"ನಮ್ಮ ತೌರುಮನೆ ಪಕ್ಕದಲ್ಲೇ ಮೃದಂಗಕ್ಕೆ ಚರ್ಮ ಕಟ್ತಿದ್ರು ಕಣೋ. ಆಡಿನ ತೊಗಲು ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ನಿದ್ರಿ, ಅಕ್ಕ?"

"ನೀನಾಗೇ ಹೇಳ್ತೀಯೇನೋ ಅಂತ. ದೇವರ ಮುಂದೆ ಮೃದಂಗ ನುಡಿಸಬಹುದಂತೆ, ಹಾಡು ತೊಗಲೊಳಗೆ ಇರಬಾರದಾ? ನಂಗೆ ಕೋಪ ಚರ್ಮದ ಮೇಲಲ್ಲ. ರೆಕ್ಸಿನ್ನಂತೆ, ರೆಕ್ಸಿನ್ನು."

"ಇಪ್ಪತ್ತು ವಾರ ಶಿಕಾಗೋ ಮಹಾಜನತೆಗೆ ಕೈ ಮುಗಿದಿದ್ದೀಯಪ್ಪ," ಅಂದರು ರಾಯರು, ತಟ್ಟೆಯಿಂದ ತಲೆಯೆತ್ತದೆ.

ಅರ್ಥವಾಗದ ಇದ್ರಿಸನಿಗೆ ರಾಯರೇ ಬಿಡಿಸಿ ಹೇಳಿದರು. ಅವನು ನಕ್ಕು ನಕ್ಕು ನೀರು ಕೇಳಿದ. ಮೈಸೂರಿನಲ್ಲಿ ನನಗೆ ಟೋಪಿ ಹಾಕುವವರು ಯಾರೂ ಹುಟ್ಟಿರಲಿಲ್ಲ. ಅಂದು ಪಾತ್ರೆ ಪೂರ್ತಿ ನಾನೇ ತೊಳೆದೆ. ಮುಂದಿನ ಭಾನುವಾರವೂ ಬಾಗಿಲು ತೆರೆಯಿತು.

ಮರುವರ್ಷ ಟೆಲಿಫೋನ್ ಹಾಕಿಸಿದೆ. ಹೊಸ ಡೈರೆಕ್ಟರಿಯಲ್ಲಿ ನನ್ನ ಹೆಸರೂ ಬಂತು. ಆ ಗೆರೆಯ ಮೇಲೆ ಬೆರಳಿಟ್ಟು ಸೀತಕ್ಕನಿಗೆ ತೋರಿಸಿದೆ, ಅರಸೊತ್ತಿಗೆ ಸಿಕ್ಕವನಂತೆ. ಅವರು ಅಡುಗೆಮನೆಯ ಹಾಡಿನ ಪುಸ್ತಕವನ್ನು ಒರೆಸಿ ತಂದು, ದೇವರ ಪಕ್ಕ ಅದನ್ನೂ ಹೊಸ ಡೈರೆಕ್ಟರಿಯನ್ನೂ ಒಟ್ಟಿಗೆ ಇಟ್ಟರು.

"ಈಗ ಕೈ ಮುಗಿ," ಅಂದರು.

ಯಾವುದಕ್ಕೆ ಎಂದು ನಾನು ಕೇಳಲಿಲ್ಲ.