ಕಾಕಾನ ತೋಳಿನ ಲೆಕ್ಕ

ಕಪಾಟು ಖಾಲಿ ಮಾಡುವಾಗ ಕಾಲೇಜಿನ ದಿನಗಳ ಒಂದು ನೋಟ್‌ಬುಕ್ ಸಿಕ್ಕಿತು. ನಡುವಿನ ಹಾಳೆಯಲ್ಲಿ ಹೆಬ್ಬೆರಳಗಲದ ಗ್ರೀಸಿನ ಕಲೆ. ಮೂಗಿಗೆ ಹಿಡಿದೆ. ವಾಸನೆ ನಿಜವಾಗಿ ಬಂತೋ, ಬರಲೆಂದು ನಾನೇ ಬಯಸಿದೆನೋ ಗೊತ್ತಿಲ್ಲ… ಪಕ್ಕದ ಮನೆಯ ಕಾಕಾ ಮಾತ್ರ ನೆನಪಿಗೆ ಬಂದರು.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ಅಪ್ಪ ಆಫೀಸಿನಲ್ಲಿ ಗುಮಾಸ್ತ. ಕಾಕಾ ಕಾಲುವೆಯ ಹೂಳೆತ್ತುವ ಉದ್ದ ಕೈಯ ಮಶಿನ್ ಓಡಿಸುತ್ತಿದ್ದರು. ನೆಂಟರೇನಲ್ಲ, ಆದರೂ ನನಗೆ ಅವರು ಕಾಕಾ, ಅವರ ಹೆಂಡತಿ ಚಿಗವ್ವ. ಕಾಕಾ ಮಶಿನ್ನಿನ ಬಕೆಟ್ಟಿನ ಹಲ್ಲಿನಿಂದ ಕಾಲುವೆಯ ಇಳಿಜಾರನ್ನು ಅಂಗೈಯಲ್ಲಿ ಸವರಿದಷ್ಟು ನಯ ಮಾಡುತ್ತಿದ್ದರು ಎಂದು ನನ್ನ ನೆನಪು. ಎಲ್ಲರೂ ಹಾಗೆ ಹೇಳುತ್ತಿದ್ದರಿಂದ ನಾನೂ ಕಂಡಂತೆ ಅನ್ನಿಸುತ್ತಿರಬಹುದು.

ನಾನು ಗುಲಬರ್ಗಾದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಗ, ಕಾಲುವೆಗೆ ನೀರು ನಿಲ್ಲಿಸಿದ ಬೇಸಿಗೆಯಲ್ಲಿ, ಅವರ ಬಲ ಭುಜ ಹಿಡಿದುಕೊಂಡಿತು. ತೋಳು ಮುಂದಕ್ಕೆ ಅರ್ಧ ಮಾತ್ರ ಏಳುತ್ತಿತ್ತು. ವಾಸಿಯಾಗಲು ತಿಂಗಳುಗಟ್ಟಲೆ ಬೇಕು ಎಂದಿದ್ದರು ಡಾಕ್ಟರು. ಹೊಸದಾಗಿ ಬಂದ ಎಂಜಿನಿಯರ್ ಸಾಹೇಬರು, ಸೋಮವಾರ ಮಶಿನ್ ಓಡಿಸಿ ತೋರಿಸಬೇಕು, ಆಗದಿದ್ದರೆ ಸ್ಟೋರಿನ ಗೇಟು ಕಾಯಬೇಕು ಎಂದಿದ್ದರು. ಕಾಕಾನಿಗೆ ಆ ಗೇಟಿನದೇ ಭಯ. ಸೀಟಿನಲ್ಲಿ ಕೂತರೆ ದೂರದ ಲಿವರ್ ಅವರ ಕೈಗೆ ಸಿಗುತ್ತಿರಲಿಲ್ಲ.

ಆ ವರ್ಷ ನಾವು ರೋಬೋಟುಗಳ ಗಣಿತ ಕಲಿಯುತ್ತಿದ್ದೆವು. ಯಂತ್ರದ ತೋಳನ್ನು ಗೆರೆಗಳಾಗಿ, ಕೀಲುಗಳನ್ನು ಕೋನಗಳಾಗಿ ಬರೆಯುವುದು. ಉದ್ದ, ಕೋನ ಗೊತ್ತಿದ್ದರೆ ತುದಿ ಎಲ್ಲಿ ಮುಟ್ಟುತ್ತದೆಂದು ಹೇಳಬಹುದು. ಮುಟ್ಟಬೇಕಾದ ಜಾಗ ಗೊತ್ತಿದ್ದರೆ ಕೀಲುಗಳು ಎಷ್ಟೆಷ್ಟು ತಿರುಗಬೇಕೆಂದು ಹಿಂದಿನಿಂದ ಲೆಕ್ಕ ಹಾಕಬಹುದು. ಹಾಗಿದ್ದರೆ ಸೀಟನ್ನು ಎಲ್ಲಿಗೆ ಸರಿಸಿದರೆ ಲಿವರ್ ಸಿಗುತ್ತದೆ ಎಂದೂ ತಿಳಿಯಬಹುದಲ್ಲ? ರಜೆಗೆ ಮನೆಗೆ ಬಂದವಳೇ ಚಿಗವ್ವನ ಹೊಲಿಗೆಯ ಟೇಪು ಹಿಡಿದು ಕಾಕಾನ ತೋಳು ಅಳೆದೆ.

“ಮಶಿನಿನ ಲೆಕ್ಕ ನನಗ ಹಾಕಾಕತ್ತೀಯೇನವಾ?” ಎಂದರು ಕಾಕಾ.

“ಹಾಕವಾ, ಹಾಕು,” ಚಿಗವ್ವ ಒಲೆಯ ಮುಂದಿನಿಂದಲೇ ಅಂದಳು. “ಇದೂ ಹಳೇ ಮಶಿನ್ನೇ. ನಟ್ಟೆಲ್ಲಾ ಸಡಿಲಾಗ್ಯಾವ, ಸಪ್ಪಳ ಮಾತ್ರ ಕಮ್ಮಿ ಆಗಿಲ್ಲ.”

ಮಶಿನ್ ಹತ್ತಿ ಲಿವರುಗಳ ದೂರವನ್ನೂ ಅಳೆದೆ. ಎರಡು ದಿನ ಸೈನು, ಕೊಸೈನುಗಳಲ್ಲೇ ಕಳೆದೆ. ಭುಜ ಅರ್ಧಕ್ಕಿಂತ ಹೆಚ್ಚು ಏಳದು ಎಂದು ಇಟ್ಟುಕೊಂಡರೆ, ಕೈ ಮುಟ್ಟಬಹುದಾದ ಜಾಗ ಹಾಳೆಯ ಮೇಲೆ ಕಲ್ಲಂಗಡಿ ಹೋಳಿನ ಆಕಾರದಲ್ಲಿ ಬಂತು. ದೂರದ ಲಿವರ್ ಆ ಹೋಳಿನ ಹೊರಗೇ ಉಳಿಯಿತು. ಸೀಟು ಮುಂದೆ ಸರಿಸಿದರೆ ಹತ್ತಿರದ ಲಿವರುಗಳು ಮೊಣಕಾಲಿಗೆ ತಾಗುತ್ತಿದ್ದವು. ಮೂರು ಸಲ ಲೆಕ್ಕ ಹಾಕಿದೆ. ಮೂರು ಸಲವೂ ಉತ್ತರವಿಲ್ಲ.

ಭಾನುವಾರ ಹಾಳೆ ತೋರಿಸಿ, “ಆಗಂಗಿಲ್ಲ ಕಾಕಾ,” ಎಂದೆ. ಅವರು ಬಹಳ ಹೊತ್ತು ನೋಡಿದರು. ಗ್ರೀಸಿನ ಬೆರಳನ್ನು ಚಿತ್ರದ ಮೇಲಿಟ್ಟರು.

“ಇದು ನನ್ನ ಹೆಗಲು?”

“ಹೌದು ಕಾಕಾ.”

“ಇದರ ಕೆಳಗ ಏನೂ ಇಲ್ಲಲ್ಲವಾ. ನಡ ಎಲ್ಲಿ ಬರದಿ?”

ಸೊಂಟವನ್ನು ನಾನು ಬರೆದೇ ಇರಲಿಲ್ಲ. ನಮ್ಮ ಪಾಠದ ರೋಬೋಟುಗಳೆಲ್ಲ ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದವು. ತೋಳಿನ ಬುಡ ಅಲುಗುವುದಿಲ್ಲ. ನಾನು ಕಾಕಾನ ಭುಜಕ್ಕೂ ಬೋಲ್ಟ್ ಹಾಕಿಬಿಟ್ಟಿದ್ದೆ. ಸೊಂಟವನ್ನು ಇನ್ನೊಂದು ಕೀಲಾಗಿ ಸೇರಿಸಿದೆ. ಒಂದಲ್ಲ, ಎಣಿಸಲಾಗದಷ್ಟು ಉತ್ತರಗಳು ಬಂದವು. ಸೊಂಟ ಆದಷ್ಟು ಕಡಿಮೆ ಬಾಗುವುದನ್ನು ಆರಿಸಿ, ತೋಳು ಹೆಚ್ಚು ಏಳಬೇಕಾಗದಂತೆ ಸೀಟು ನಾಲ್ಕು ಬೆರಳು ಎತ್ತರವಾಗಬೇಕು ಎಂದೆ. ಸಂಜೆಯೊಳಗೆ ಅವರು ಸೀಟಿನಡಿ ಹಲಗೆ ಕೂರಿಸಿದರು.

ಸೋಮವಾರ ನಾನು ಕಾಲುವೆಯ ಏರಿಯ ಮೇಲೆ ನಿಂತಿದ್ದೆ. ಬಕೆಟ್ಟು ಇಳಿಯಿತು, ಹೂಳು ತುಂಬಿಕೊಂಡು ಎದ್ದಿತು, ಮತ್ತೆ ಇಳಿಯಿತು. ಪ್ರತಿ ಸಲವೂ, ಪೂಜಾರಿ ಆರತಿ ಹಿಡಿಯಲು ಬಾಗಿದಂತೆ, ಕಾಕಾ ಮುಂದಕ್ಕೆ ಬಾಗಿ ಆ ಲಿವರ್ ಹಿಡಿಯುತ್ತಿದ್ದರು. ಸಾಹೇಬರು ಅರ್ಧ ಗಂಟೆ ನೋಡಿ, “ನಡಿಸ್ರಿ,” ಎಂದು ಜೀಪು ಹತ್ತಿದರು. ಕಾಕಾ ನನ್ನ ಕಡೆ ತಿರುಗಿ ನಕ್ಕರು. ಆ ಬೇಸಿಗೆ ಪೂರ್ತಿ ಅವರೇ ಹೂಳೆತ್ತಿದರು.

ಈಗ ನಾನು ಅದೇ ಗಣಿತವನ್ನು ಕಲಿಸುತ್ತೇನೆ. ಈ ಕತೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದೇನೋ… ಹೇಳಿದಷ್ಟು ಸಲವೂ ಕತೆಯೊಳಗಿನ ನನ್ನ ಜಾಣತನ ಒಂದಿಷ್ಟು ಬೆಳೆದಿರಬೇಕು.

ಹೋದ ವರ್ಷ ಕಾಕಾ ತೀರಿಕೊಂಡರು. ಕ್ಯಾಂಪು ಬಿಟ್ಟ ಮೇಲೆ ದೋರನಹಳ್ಳಿಯಲ್ಲಿದ್ದರು. ಮಾತಾಡಿಸಿ ಬರಲು ಹೋದಾಗ ಚಿಗವ್ವನಿಗೂ ಅದೇ ಕತೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ಆ ಬ್ಯಾಸಗಿ ದಿನಾ ಅವರ ನಡಕ್ಕ ಉಪ್ಪಿನ ಗಂಟು ಕಾಸಿ ಇಟ್ಟೀನವಾ. ಬಾಗಿ ಬಾಗಿ ನೆಟ್ಟಗ ಕೂಡಾಕ ಬರ್ತಿದ್ದಿಲ್ಲ. ‘ಹುಡುಗಿಗಿ ಹೇಳಬ್ಯಾಡ, ಲೆಕ್ಕ ತಪ್ಪೈತಿ ಅಂತ ಅಳತಾಳ’ ಅಂತಿದ್ರು. ಇಷ್ಟು ವರ್ಷ ಹೇಳಿದ್ದಿಲ್ಲ. ಈಗ ಬೈಯಾಕ ಅವರಿಲ್ಲ ನೋಡು.”

ಅಂದಿನಿಂದ, ಆ ಸೋಮವಾರ ಅವರು ಮಶಿನ್ನಿನಿಂದ ಹೇಗೆ ಇಳಿದರು ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ಸರಳು ಹಿಡಿದು ನಿಧಾನವಾಗಿ ಇಳಿದರೇ, ನೆಲಕ್ಕೆ ಬಂದು ಸ್ವಲ್ಪ ಹೊತ್ತು ಬಾಗಿಯೇ ನಿಂತರೇ… ನಗು ಇವತ್ತಿಗೂ ಕಣ್ಣಮುಂದಿದೆ. ಇಳಿದದ್ದು ನೆನಪಿಲ್ಲ. ನಾನು ನೋಡಿರಲಿಕ್ಕಿಲ್ಲ.